ಒಂದು ಅವರದು, ಒಂದು ನಮ್ಮದು

೧೯೬೮ ಜುಲೈ ೧೦, ಬುಧವಾರ

ಮೈಸೂರಿಗೆ ಹೋಗುವ ಎರಡು ಟ್ರಂಕ್ ಲೈನುಗಳಲ್ಲಿ ಒಂದು ರಾತ್ರಿಯ ಗಾಳಿಗೆ ಬಿದ್ದಿದೆ. ಟೆಲಿಗ್ರಾಂ ಕಳಿಸುವ ತಂತಿಯೂ ಹರಿದಿದೆ. ಬೆಳಿಗ್ಗೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂರುವ ಮೊದಲೇ ಸೂಪರ್‌ವೈಸರ್ ಗುರುಮಲ್ಲಪ್ಪನವರು ಇದನ್ನು ತಿಳಿಸಿದರು. ನರಸೀಪುರದಲ್ಲಿ ಕಪಿಲಾ ನದಿ ರಸ್ತೆಯ ಮೇಲೆ ಹರಿಯುತ್ತಿದೆ, ನಂಜನಗೂಡಿನ ದಾರಿಯೂ ಮುಚ್ಚಿದೆ, ಮೈಸೂರಿಗೆ ಬಸ್ಸು ಬಿಡುವುದಿಲ್ಲ ಎಂದು ಬಸ್ ನಿಲ್ದಾಣದವರು ಹೇಳಿದ್ದಾರೆ.

ಇವರು ಮೈಸೂರಿನಲ್ಲಿದ್ದಾರೆ.

ನಡೆದದ್ದು ಮೊದಲು, ಯಾರು ಹೇಳಿದರು ಎಂಬುದು ಆಮೇಲೆ, ಅಳುವುದಿದ್ದರೆ ಕೊನೆಗೆ ಎನ್ನುತ್ತಿದ್ದರು ಅಪ್ಪ. ಅವರು ಪೇಪರ್ ಏಜೆಂಟ್ ಆಗಿದ್ದವರು. ಹಾಗೆಯೇ ಬರೆಯುತ್ತೇನೆ. ನಮ್ಮ ಯಜಮಾನರು ಇದೇ ಇಲಾಖೆಯ ಲೈನ್‌ಮನ್. ಸೋಮವಾರ ಸಂಜೆ ಮುಡಿಗುಂಡದ ಆಚೆ, ಮಳೆಗೆ ಬಾಗಿದ್ದ ಕಂಬವನ್ನು ಎತ್ತಿ ನಿಲ್ಲಿಸುವಾಗ ಅದು ಜಾರಿ ಇವರ ಬಲಪಾದದ ಮೇಲೆ ಬಿತ್ತು. ಇಲ್ಲಿಯ ಡಾಕ್ಟರು ನೋಡಿ ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮಂಗಳವಾರ ನಸುಕಿನಲ್ಲಿ, ನೀರು ಏರುವ ಮೊದಲು, ಇಲಾಖೆಯ ಜೀಪು ಸೇತುವೆ ದಾಟಿತು. ಜೊತೆಗೆ ಮಾಂಬಳ್ಳಿಯ ಭಾವ ದೊಡ್ಡಮಾದಪ್ಪನವರು ಹೋದರು. ಇವರ ಅಣ್ಣ. ಮಧ್ಯಾಹ್ನದ ಬಸ್ಸಿಗೆ ನಾನು ಬರುತ್ತೇನೆ ಎಂದಿದ್ದೆ. ಆ ಬಸ್ಸು ಹೊರಡಲಿಲ್ಲ.

ಸಂಜೆ ಪಾಳಿಯ ಆಪರೇಟರ್ ರಜೆಗೆ ಹೋದವನು ಹೊಳೆಯ ಆಚೆ ಸಿಕ್ಕಿಕೊಂಡಿದ್ದಾನೆ. ಹಗಲು ನಾನು, ಸಂಜೆ ಸೂಪರ್‌ವೈಸರೇ. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಊರಿನ ಕರೆಗಳೂ ಈ ಒಂದು ಲೈನಿನ ಮೇಲೆ ಹೋಗಬೇಕು. ಲೈಟ್ನಿಂಗ್ ಕರೆ ಬಂದರೆ ಎಲ್ಲಕ್ಕಿಂತ ಮೊದಲು, ಆಮೇಲೆ ದುಪ್ಪಟ್ಟು ದರದ ಅರ್ಜೆಂಟ್, ಉಳಿದ ಹೊತ್ತಿನಲ್ಲಿ ಆರ್ಡಿನರಿ. ಮೈಸೂರಿನ ಬೋರ್ಡಿನಲ್ಲೂ ಈ ಕಡೆಗೆ ಬರುವ ಕರೆಗಳು ಹೀಗೆಯೇ ಕಾಯುತ್ತಿರುತ್ತವೆ. ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಒಂದು ಕರೆ ಅವರದು, ಒಂದು ನಮ್ಮದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ನಾನು ಇದನ್ನು ಒಮ್ಮೆಯೂ ಮುರಿದಿಲ್ಲ. ಮೈಸೂರಿನ ಆಪರೇಟರ್ ಕೂಡ ಮುರಿದಿಲ್ಲ. ಅವನ ಹೆಸರು ನನಗೆ ಗೊತ್ತಿಲ್ಲ, ನನ್ನದು ಅವನಿಗೆ. ಲೈನಿನ ಮೇಲೆ ಹೆಸರು ಹೇಳಬಾರದು ಎಂಬುದು ನಿಯಮ. ಅವನು 'ಮೈಸೂರು', ನಾನು 'ಕೊಳ್ಳೇಗಾಲ'.

ಪ್ರವಾಹ ಇಳಿಯುವವರೆಗೆ ಸಿಬ್ಬಂದಿಯ ಸ್ವಂತ ಕರೆಗಳು ಆರ್ಡಿನರಿಯಲ್ಲೇ ಹೋಗಬೇಕು ಎಂದು ಗುರುಮಲ್ಲಪ್ಪನವರು ಗೋಡೆಗೆ ನೋಟೀಸು ಅಂಟಿಸಿದರು. "ನಿಮ್ಮ ಮನಸ್ಸು ಗೊತ್ತು ಶಿವರತ್ನಮ್ಮ. ಆದರೂ ನಿಯಮ" ಎಂದರು. ಸರಿ ಸಾರ್ ಎಂದೆ. ಸರಿಯೇ ಅಲ್ಲವೆ?

ಆಸ್ಪತ್ರೆಯ ಎದುರಿನ ಕಾಫಿಪುಡಿ ಅಂಗಡಿಯ ನಂಬರಿಗೆ ಆರ್ಡಿನರಿ ಬುಕ್ ಮಾಡಿದೆ. ಅಂಗಡಿಯ ಬಸವಣ್ಣ ಯಳಂದೂರಿನವರು, ಭಾವನಿಗೆ ಪರಿಚಯ. ನನ್ನ ಸರದಿ ಬರಲಿಲ್ಲ.

ಬಂಡಳ್ಳಿಯ ಒಬ್ಬ ಹೆಂಗಸು, ಚಿಕ್ಕನಿಂಗಮ್ಮ, ಬೂತಿನ ಬೆಂಚಿನ ಮೇಲೆ ದಿನವಿಡೀ ಕೂತಿದ್ದಳು. ಮಗಳು ಮೈಸೂರಿನಲ್ಲಿ ಮನೆಗೆಲಸಕ್ಕಿದ್ದಾಳೆ, ದಿನ ತುಂಬಿದೆ, ಆ ಮನೆಗೆ ಫೋನಿದೆ. ಅವಳದೂ ಆರ್ಡಿನರಿ. "ನಂದು ಯಾವಾಗವ್ವ?" ಎಂದು ಕೇಳಿದಳು. ಸರದಿ ಬಂದಾಗ ನಾನೇ ಕರೆಯುತ್ತೇನೆ ಎಂದು ಹೇಳಿ ಕುಡಿಯಲು ನೀರು ಕೊಟ್ಟೆ. ದಿನ ಮುಗಿದರೆ ಕರೆ ಬುಕ್ ಮಾಡಿದ ಚೀಟಿ, ನಾವು ಟಿಕೆಟ್ ಎನ್ನುವುದು, ರದ್ದು. ನಾಳೆ ಇಬ್ಬರೂ ಮತ್ತೆ ಬುಕ್ ಮಾಡಬೇಕು.

ಜುಲೈ ೧೧, ಗುರುವಾರ

ಇವರ ಕಾಲಿನ ಬೆರಳುಗಳು ಕಪ್ಪಾಗಿವೆ. ಹೀಗೆಂದು ಕಾಫಿಪುಡಿ ಬಸವಣ್ಣ ಹೇಳಿದರು. ಅವರಿಗೆ ಭಾವ ಹೇಳಿದ್ದು.

ಮಧ್ಯಾಹ್ನ ನನ್ನ ಸರದಿ ಬಂತು. ಭಾವ ಆಗ ವಾರ್ಡಿನಲ್ಲಿದ್ದರು.

"ಕಪ್ಪು ಅಂದ್ರೆ ಎಷ್ಟು ಕಪ್ಪು?" ಎಂದು ಕೇಳಿದೆ.

"ನಾನು ನೋಡಿಲ್ಲ ಕಣಮ್ಮ. ವಾರ್ಡೊಳೀಕೆ ಒಬ್ರನ್ನೇ ಬುಡದು. ದೊಡ್ಡಮಾದಪ್ಪ ಒಂದು ಕಾಪಿ ಕುಡುದ್ರು, ಅರ್ಧಕ್ಕೇ ಎದ್ದೋದ್ರು."

ನಾಳೆ ಹನ್ನೊಂದು ಗಂಟೆಗೆ ಭಾವ ಅಂಗಡಿಯಲ್ಲೇ ಇರಬೇಕು, ನಾನು ಮಾಡುತ್ತೇನೆ ಎಂದು ಹೇಳಿದೆ. ಭಾವ ತಾವಾಗಿ ಫೋನ್ ಮಾಡುವವರಲ್ಲ. ಹೋದ ವರ್ಷ ಎಕ್ಸ್‌ಚೇಂಜ್ ನೋಡಲು ಬಂದಾಗ ರಿಸೀವರ್ ಕೈಗೆ ಕೊಟ್ಟರೆ, "ಬ್ಯಾಡ ಕಣವ್ವ, ಕಚ್ಚಗಿಚ್ಚೀತು" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು. ಇವರು ವಾರಗಟ್ಟಲೆ ಅದನ್ನು ಹೇಳಿ ನಗುತ್ತಿದ್ದರು.

ಚಿಕ್ಕನಿಂಗಮ್ಮನದು ಇಂದೂ ಹೋಗಲಿಲ್ಲ. ನನ್ನದರ ನಂತರ ಅವಳದೇ ಇತ್ತು, ಅಷ್ಟರಲ್ಲಿ ಅರ್ಜೆಂಟ್‌ಗಳು ಬಂದವು. ಅರ್ಜೆಂಟ್ ಬರುತ್ತಲೇ ಇದ್ದರೆ ಆರ್ಡಿನರಿ ಎಂದಿಗೂ ಹೋಗುವುದಿಲ್ಲ. ಇದನ್ನು ಗುರುಮಲ್ಲಪ್ಪನವರಿಗೆ ಹೇಳಿದೆ. "ಅದಕ್ಕೇ ಅಲ್ಲವೇನಮ್ಮ ಅದರ ಹೆಸರು ಆರ್ಡಿನರಿ" ಎಂದರು.

ನಾಳೆ ಹನ್ನೊಂದಕ್ಕೆ.

ಜುಲೈ ೧೨, ಶುಕ್ರವಾರ

ಹನ್ನೊಂದಕ್ಕೆ ಲೈನು ಸಿಗಲಿಲ್ಲ. ಹೊಳೆ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದೆ, ದೋಣಿ ಕಳಿಸಿ ಎಂದು ತಾಲ್ಲೂಕು ಕಚೇರಿಯಿಂದ ಲೈಟ್ನಿಂಗ್ ಮೇಲೆ ಲೈಟ್ನಿಂಗ್. ಅವರನ್ನು ತಡೆಯುವಂತಿಲ್ಲ, ತಡೆಯಲೂ ಬಾರದು. ಗಡಿಯಾರ ನೋಡದೆ ಪ್ಲಗ್ಗು ಹಾಕುತ್ತಾ ಹೋದೆ.

ಅವರದು ಮುಗಿದಾಗ ಮೂರು ಗಂಟೆಯ ಮೇಲಾಗಿತ್ತು. ಮೈಸೂರು ತನ್ನ ಸರದಿ ಕೇಳಿತು. "ಕೊಳ್ಳೇಗಾಲ, ಬೆಳಿಗ್ಗೆಯಿಂದ ನಿಮ್ಮದೇ ಆಯ್ತು. ನಮ್ಮ ಕಡೆ ಟಿಕೆಟ್ ಗುಡ್ಡೆ ಬಿದ್ದಿವೆ, ಒಂದೆರಡು ತಗೊಳ್ಳಿ."

"ಇನ್ನೊಂದೇ ಒಂದು, ಆಮೇಲೆ ನಿಮ್ಮದು" ಎಂದೆ. ಇದು ಮೊದಲ ಸಲ.

ಆ ಒಂದು ನನ್ನದೇ. ಬಸವಣ್ಣ ಎತ್ತಿದರು. "ಅಯ್ಯೋ, ಈಗ ತಾನೆ ಓದ್ರಲ್ಲಮ್ಮ! ಹನ್ನೊಂದರಿಂದ ಇಲ್ಲೇ ಕೂತಿದ್ರು. ಕಾದು ಕಾದು ಪೋಸ್ಟಾಫೀಸ್ ತಾವ ಓದ್ರು."

"ಪೋಸ್ಟಾಫೀಸಲ್ಲಿ ಏನು ಕೆಲಸ ಅವರಿಗೆ?"

"ನಂಗೇನ್ ಗೊತ್ತಮ್ಮ? ಬೆಳಗಾನೂ ಒಂದಪ ಓಗಿ ಬಂದ್ರು."

ಮಾಂಬಳ್ಳಿಗೆ ಕಾಗದ ಬರೆಸುತ್ತಿರಬೇಕು. ಇಂಥ ಹೊತ್ತಿನಲ್ಲಿ ಕಾಗದ! ತಮ್ಮನ ಬೆರಳು ಕಪ್ಪಾಗಿರುವಾಗ ಒಂದು ಗಳಿಗೆ ಅಂಗಡಿಯಲ್ಲಿ ಕೂರಲಾರದ ಮನುಷ್ಯ. ಸಿಟ್ಟಿನಲ್ಲಿ ನನ್ನ ಮೂರು ನಿಮಿಷ ಮುಗಿದದ್ದೂ ತಿಳಿಯಲಿಲ್ಲ. ಅಷ್ಟರಲ್ಲಿ ಬೋರ್ಡಿನಲ್ಲಿ ಮತ್ತೆ ಲೈಟ್ನಿಂಗ್ ದೀಪ ಹತ್ತಿತ್ತು. ಮೈಸೂರಿಗೆ ಸರದಿ ಕೊಡಲಾಗಲಿಲ್ಲ.

ಜುಲೈ ೧೩, ಶನಿವಾರ

ಗೂಡಿನ ವ್ಯಾಪಾರಿ ಪುಟ್ಟಮಲ್ಲಪ್ಪನವರು ತಮ್ಮ ಹೆಸರಿನಲ್ಲಿ ನನಗೆ ಅರ್ಜೆಂಟ್ ಬುಕ್ ಮಾಡಲು ಒಪ್ಪಿದ್ದಾರೆ. ಅವರೇ ಬಂದು ಹೇಳಿದ್ದು. ಅವರ ಗೋದಾಮಿನಲ್ಲಿ ರೇಷ್ಮೆಗೂಡು ರಾಶಿ ಬಿದ್ದಿದೆ, ಲಾರಿ ಹೊರಡುವಂತಿಲ್ಲ, ಇನ್ನೆರಡು ದಿನ ಹೋದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಕೊರೆದ ಗೂಡಿಗೆ ಬೆಲೆಯಿಲ್ಲ. ಯಾವ ದಾರಿಯಲ್ಲಿ ಲಾರಿ ಬಿಡಬೇಕೆಂದು ಮೈಸೂರಿನ ಪಾಲುದಾರನನ್ನು ಗಳಿಗೆಗೊಮ್ಮೆ ಕೇಳಬೇಕು.

"ನನ್ ನಂಬರು ಇಪ್ಪತ್ತೊಂದಲ್ವಾ ತಾಯಿ, ಅದ್ರಲ್ಲೇ ಬರ್ಕಳಿ. ಯಾರು ಮಾತಾಡುದ್ರು ಅಂತ ತಂತಿಗೇನು ಗೊತ್ತಾದದು? ನನ್ ಕಾಲ್ ಮಾತ್ರ ಒಸಿ ಮುಂದುಕ್ಕೆ ತಳ್ಳಿ."

"ನಿಯಮ ಇದೆ ಪುಟ್ಟಮಲ್ಲಪ್ಪನವರೆ."

"ಐತೆ ಐತೆ. ಗ್ವಾಡೆ ಮ್ಯಾಲೆ ನೋಡ್ದೆ. ಗ್ವಾಡೆಗೆ ಗಂಡ ಅವ್ನಾ?"

ನಾನು ನಗಲಿಲ್ಲ. ಆದರೆ ಟಿಕೆಟ್ ಬರೆದೆ. ಅವರ ಕರೆಗಳನ್ನು ಯಳಂದೂರಿನ ಅರ್ಜೆಂಟ್‌ಗಳಿಗಿಂತ ಮುಂದೆ ಇಟ್ಟೆ. ಇದರಿಂದ ಯಾರ ಕರೆಯೂ ರದ್ದಾಗಲಿಲ್ಲ, ಸ್ವಲ್ಪ ಹಿಂದಕ್ಕೆ ಹೋದವು ಅಷ್ಟೆ.

ಹನ್ನೆರಡಕ್ಕೆ ಅಂಗಡಿ ಸಿಕ್ಕಿತು. ಭಾವ ಇಲ್ಲ.

"ಎಷ್ಟು ಯೋಳುದ್ರೂ ಕೂರಲ್ಲ ಕಣಮ್ಮ. 'ಪೋಸ್ಟಾಫೀಸಲ್ಲಿ ನನ್ ಸರತಿ ತಪ್ಪೋಯ್ತದೆ' ಅನ್ಕಂಡು ಓಡ್ತರೆ. ಊಟಕ್ಕೂ ಬರ್ನಿಲ್ಲ."

"ಯಾರನ್ನಾದರೂ ಕಳಿಸಿ ಕರೆಸಿ."

"ಅಂಗಡೀಲಿ ನಾನೊಬ್ನೇಯ. ಬುಟ್ಟು ಎಂಗೋಗ್ಲಿ?"

ಮನಿಯಾರ್ಡರ್ ಸರತಿ ಇರಬಹುದು. ಯಾರಿಂದ ಯಾರಿಗೆ, ತಿಳಿಯದು. ಮತ್ತೆ ಎರಡು ಗಂಟೆಗೆ, ಮತ್ತೆ ಮೂರೂವರೆಗೆ ಮಾಡಿದೆ. ಇಪ್ಪತ್ತೊಂದರ ಹೆಸರಿನಲ್ಲೇ. ಎರಡು ಸಲವೂ ಇಲ್ಲ. ಮೈಸೂರಿನವನ ಮಾತಿನಲ್ಲಿ ಈಗ ಕೊಂಕು ಬಂದಿದೆ. "ನಿಮ್ಮ ಇಪ್ಪತ್ತೊಂದನೇ ನಂಬರಿನವರಿಗೆ ಕಾಫಿಪುಡಿ ಮೇಲೆ ಬಹಳ ಪ್ರೀತಿ" ಎಂದ. ನಾನು ಮುಂದಿನ ಟಿಕೆಟ್ ಹಾಕಿದೆ. ಅವನ ಸರದಿಯನ್ನು ಕೊಡಲಿಲ್ಲ. ಅವನ ಕಡೆಯವೆಲ್ಲ ವ್ಯಾಪಾರದ ಕರೆಗಳೇ ಇರುತ್ತವೆ.

ಚಿಕ್ಕನಿಂಗಮ್ಮ ಮುದ್ದೆ ಗಂಟು ಬಿಚ್ಚಿ, "ನೀನೂ ಉಂಡಿಲ್ಲ, ಬಾರವ್ವ" ಎಂದು ಕರೆದಳು. ಕೆಲಸವಿದೆ ಎಂದೆ.

ಜುಲೈ ೧೪, ಭಾನುವಾರ

ಭಾನುವಾರ ಕಾಫಿಪುಡಿ ಅಂಗಡಿ ಮುಚ್ಚಿರುತ್ತದೆ. ಸುದ್ದಿ ಇಲ್ಲ.

ಜುಲೈ ೧೫, ಸೋಮವಾರ

ಭಾವ ನನ್ನನ್ನು ಏನೋ ಕೇಳಬೇಕಂತೆ. ಕಾಫಿಪುಡಿ ಬಸವಣ್ಣ ಹೇಳಿದರು. ಏನೆಂದು ಅವರಿಗೂ ಹೇಳಿಲ್ಲ.

ಇದನ್ನು ತಿಳಿಯಲು ನಾನು ಮಾಡಿದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಒಂದು ಸಲ ಅರ್ಜೆಂಟ್‌ಗಳು ಮುಗಿದು ಆರ್ಡಿನರಿ ಸರದಿ ಬಂತು. ಮೊದಲ ಟಿಕೆಟ್ ಚಿಕ್ಕನಿಂಗಮ್ಮನದು. ಕರೆದೆ. ಅವಳು ಸೆರಗು ಸರಿಮಾಡಿಕೊಂಡು, ದೇವರ ಗುಡಿಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಬೂತಿನೊಳಗೆ ಹೋದಳು. ಆ ಕಡೆ ಮನೆಯೊಡತಿ ಎತ್ತಿದರು. ಲೈನು ಸರಿಯಾಗಿದೆಯೇ ಎಂದು ನೋಡಲು ನಾನು ಮಾತು ಕೇಳಿಸುವ ಕೀ ತೆರೆದಿಟ್ಟಿದ್ದೆ.

"ಅವ್ವಾರೆ, ನಾನು ಬಂಡಳ್ಳಿಯಿಂದ, ನಿಮ್ಮನೆ ಕೆಲ್ಸದವ್ಳ ತಾಯಿ..."

"ಓ, ಚಿಕ್ಕನಿಂಗಮ್ಮ! ನಿನ್ನೇನೇ ಹೆರಿಗೆ ಆಯ್ತು. ಕೇಳಿಲ್ಲಿ..."

ಆಗ ಪುಟ್ಟಮಲ್ಲಪ್ಪನವರು ಬಾಗಿಲಲ್ಲಿ ಕಾಣಿಸಿದರು. ಅವರು ತಮ್ಮ ಕರೆ ಕೇಳಿದರೆ ಕೊಡಬೇಕು, ಅದು ಮುಗಿಯುವಷ್ಟರಲ್ಲಿ ತಾಲ್ಲೂಕು ಕಚೇರಿ ಏಳುತ್ತದೆ, ಭಾವ ಮತ್ತೆ ಎದ್ದು ಹೋಗುತ್ತಾರೆ. ಇದೆಲ್ಲ ಒಟ್ಟಿಗೆ ಹೊಳೆಯಿತು. ಪ್ಲಗ್ಗು ಎಳೆದೆ. ಅದೇ ಲೈನಿನಲ್ಲಿ ಕಾಫಿಪುಡಿ ಅಂಗಡಿ ಕೇಳಿದೆ.

ಭಾವ ಇಲ್ಲ. "ಇವತ್ತು ಬೆಳಗ್ಗೇನೇ ಓಗವ್ರೆ. ನಿಮ್ಮುನ್ನ ಏನೋ ಕೇಳ್ಬೇಕಂತೆ ಕಣಮ್ಮ. ಏನು ಅಂದ್ರೆ ಯೋಳ್ನಿಲ್ಲ, ಟವಲ್ಲಲ್ಲಿ ಮೊಕ ಒರ್ಸ್ಕಂಡ್ರು."

ಚಿಕ್ಕನಿಂಗಮ್ಮ ಬೂತಿನಿಂದ ಬಂದು ನಿಂತಿದ್ದಳು. "ಹೆಣ್ಣೋ ಗಂಡೋ ಅಂತ ಅವ್ರು ಯೋಳಕ್ಕೂ ಮುಂಚೇನೆ ಸದ್ದು ನಿಂತೋಯ್ತಲ್ಲವ್ವ. ಮಗ್ಳು ಎಂಗವ್ಳೆ ಅಂತ್ಲೂ ಕೇಳ್ನಿಲ್ಲ ನಾನು."

"ಲೈನ್ ಕೆಟ್ಟಿದೆ" ಎಂದೆ. "ನಾಳೆ ಬಾ."

"ಇಲ್ಲೇ ಇರ್ತಿನಿ. ಸರಿ ಆದ್ರೆ ಕೂಗವ್ವ."

"ನಾಳೆ ಬಾ ಅಂದೆನಲ್ಲ!" ನನ್ನ ದನಿ ಹೊರಗಿನ ಗುಮಾಸ್ತರಿಗೂ ಕೇಳಿಸಿರಬೇಕು, ತಿರುಗಿ ನೋಡಿದರು. ಅವಳು ಬೆಂಚಿಗೆ ಹೋಗಿ ಕೂತಳು. ಚಪ್ಪಲಿ ಹಾಕಿಕೊಳ್ಳಲಿಲ್ಲ.

ಮತ್ತೆ ಮೂರು ಸಲ ಮಾಡಿದೆ. ಮಧ್ಯೆ ಮೈಸೂರು ಕರೆಯುತ್ತಲೇ ಇತ್ತು. ಅವನು ಕರೆದರೆ ದೀಪ ಹತ್ತುತ್ತದೆ, ನಾನು ಉತ್ತರಿಸುವ ಬದಲು ನಮ್ಮ ಮುಂದಿನ ಟಿಕೆಟ್ಟನ್ನೇ ಹಾಕುತ್ತಿದ್ದೆ. ಒಂದು ಕರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಉಸಿರಾಡುವಷ್ಟು ತೆರಪು ಕೊಟ್ಟರೂ ಅವನು ನುಗ್ಗುತ್ತಾನೆ. ಕೊಡಲಿಲ್ಲ. ಕೈ ಈಗ ಚೆನ್ನಾಗಿ ಪಳಗಿದೆ.

ಏನು ಕೇಳಬೇಕಾಗಿದೆ ಭಾವನಿಗೆ? ಒಳ್ಳೆಯದಾಗಿದ್ದರೆ ಬಸವಣ್ಣನ ಬಳಿ ಹೇಳಿ ಹೋಗುತ್ತಿದ್ದರು.

ಊಟ ಮಾಡಿಲ್ಲ. ನಾಳೆ ಏಳೂವರೆಗೇ ಹೋಗುತ್ತೇನೆ.

ಜುಲೈ ೧೬, ಮಂಗಳವಾರ

ನಾಳೆ ಹತ್ತು ಗಂಟೆಗೆ ಇವರ ಬಲಗಾಲನ್ನು ಮಂಡಿಯ ಮೇಲಿಂದ ತೆಗೆಯುತ್ತಾರೆ. ಭಾವ ಹೇಳಿದರು. ತೆಗೆಯಲಿ ಎಂದು ಹೇಳಿದವಳು ನಾನು.

ಬೆಳಿಗ್ಗೆ ಮೊದಲ ಪ್ಲಗ್ಗು ಹಾಕಿ ಕಾಫಿಪುಡಿ ಅಂಗಡಿಯ ನಂಬರು ಹೇಳಿದೆ. ಮೈಸೂರಿನವನು ಕೊಡಲಿಲ್ಲ.

"ಕೊಡಲ್ಲ ಕೊಳ್ಳೇಗಾಲ" ಎಂದ. ಸಿಟ್ಟಿರಲಿಲ್ಲ, ದಣಿದಿದ್ದ. "ಶುಕ್ರವಾರದಿಂದ ಹಗಲಲ್ಲಿ ನಮ್ಮದು ಒಂದೂ ತಗೊಂಡಿಲ್ಲ ನೀವು. ಜನ ಇಲ್ಲಿ ಕೌಂಟರ್ ಒಡೆಯೋ ಹಾಗಿದಾರೆ. ಒಂದು ನಮ್ಮದು ತಗೊಳ್ಳಿ, ಆಮೇಲೆ ನಿಮ್ಮ ಕಾಫಿಪುಡಿ."

"ನನ್ನದು ಅರ್ಜೆಂಟ್."

"ಎಲ್ಲರದೂ ಅರ್ಜೆಂಟೇ. ದುಡ್ಡಿಲ್ಲದವರು ಆರ್ಡಿನರಿ ಅಂತ ಬರೆಸ್ತಾರೆ."

"ನಿಮ್ಮ ಮೇಲೆ ಕಂಪ್ಲೇಂಟ್ ಬರೀತೀನಿ."

"ಬರೀರಿ. ಅಲ್ಲೀವರೆಗೂ ನಾನು ಪ್ಲಗ್ ಹಿಡ್ಕೊಂಡು ಕೂತಿರ್ತೀನಿ."

ಅವನು ನಿಜಕ್ಕೂ ಹಿಡಿದುಕೊಂಡು ಕೂತ. ಲೈನಿನ ಮೇಲೆ ಬರೀ ಗಾಳಿಯ ಸದ್ದು. ಹನೂರಿನ ದೀಪ ಹತ್ತಿತು, ಯಳಂದೂರಿನದು ಹತ್ತಿತು, ಹಿಂದಿನಿಂದ ಪುಟ್ಟಮಲ್ಲಪ್ಪನವರು "ಏನಾಯ್ತು ತಾಯಿ" ಎನ್ನುತ್ತಿದ್ದರು. ನನಗೆ ಅಳು ಬಂತು. ಬೇಗ ಮುಗಿಯಲಿ ಎಂಬ ಒಂದೇ ಉದ್ದೇಶದಿಂದ "ಸರಿ, ಹಾಕಿ ನಿಮ್ಮದು" ಎಂದೆ.

"ಬಹಳ ದಿನದಿಂದ ಕಾದಿರೋದು ಮೊದಲು. ಆರ್ಡಿನರಿ. ಕೊಳ್ಳೇಗಾಲ ಇಪ್ಪತ್ತೊಂದು."

ನನ್ನ ಕೈ ತಾನಾಗಿ ಇಪ್ಪತ್ತೊಂದರ ತೂತಿಗೆ ಹೋಯಿತು.

"ಹೆಸರು ಹೇಳಿ ಕರೆಸಬೇಕಾದ ಕರೆ" ಎಂದು ಅವನು ಓದಿದ. "ಶಿವರತ್ನಮ್ಮ. ಅಂಗಡಿಯವರು ಮನೆಯಿಂದ ಕರೆಸಿಕೊಡಬೇಕಂತೆ."

ಪ್ಲಗ್ಗು ಹಿಡಿದಿದ್ದ ಕೈಯನ್ನು ಕೆಳಗಿಳಿಸಿದೆ. "ನಾನೇ" ಎಂದೆ.

"ಯಾರು?"

"ಶಿವರತ್ನಮ್ಮ. ನಾನೇ."

ಅವನು ಲೈನು ಕೊಟ್ಟ.

"ಅಲೋ... ಅಲೋ... ಯಾರವ್ವ ಅದು?" ಭಾವ ರಿಸೀವರಿನೊಳಗೆ ಕೂಗುತ್ತಿದ್ದರು.

"ಭಾವ, ನಾನು ರತ್ನ."

"ಪುಟ್ಟಮಲ್ಲಪ್ಪೋರ ಅಂಗಡೀಗೆ ಬಂದ್ಯಾ? ಗೂಡು ಆಕಕ್ಕೆ ಓಯ್ತಿದ್ನಲ್ಲ, ಅದೊಂದೇ ನಂಬರ್ರು ನಂಗೆ ಬಾಯಲ್ಲಿದ್ದುದ್ದು. ಸುಕ್ರುವಾರದಿಂದ ಇಲ್ಲೇ ಪೋಸ್ಟಾಫೀಸ್ ಬೆಂಚಿನ ಮ್ಯಾಲೆ ಕೂತಿವ್ನಿ ಕಣವ್ವ, ನಿಂಗೆ ಪೋನ್ ಮಾಡಕ್ಕೆ. ಸಂಜೆ ಆದ್ರೆ ಬಾಗ್ಲಾಕ್ತರೆ, ಭಾನುವಾರ ದಿನಾ ಪೂರ್ತಿ ಬಾಗ್ಲಾಕಿದ್ರು. ಅದ್ಯಾವಳೋ ಕೊಳ್ಳೇಗಾಲದವ್ಳು ಲೈನೇ ಬುಡಲ್ಲ ಅಂತ ಎಲ್ಲಾರೂ ಬಯ್ಯಾದೆಯ ಇಲ್ಲಿ."

"ಭಾವ, ಇವರು ಹೇಗಿದ್ದಾರೆ ಹೇಳಿ."

ಹೇಳಿದರು. ಶುಕ್ರವಾರ ಬೆಳಿಗ್ಗೆ ಡಾಕ್ಟರು ಪಾದ ತೆಗೆಯಬೇಕು, ಇಲ್ಲದಿದ್ದರೆ ಕೊಳೆಯುವುದು ಮೇಲಕ್ಕೆ ಏರುತ್ತದೆ ಎಂದರಂತೆ. ಇವರು ರುಜು ಹಾಕಲಿಲ್ಲ. "'ಕಾಲಿಲ್ದವ್ನು ಕಂಬ ಎಂಗತ್ತಾನು? ಬಾಳಾಟ ಮಾಡ್ಬೇಕಾದವ್ಳು ಅವ್ಳು. ರತ್ನ ಕುಯ್ಲಿ ಅಂದ್ರೆ ಕುಯ್ಲಿ. ಅವ್ಳನ್ನ ಕೇಳ್ದೆ ಬ್ಯಾಡ' ಅಂತ ಅಟಕ್ಕೆ ಬಿದ್ದವ್ನೆ. ಸನಿವಾರ ಗೆಣ್ಣಿನ ಮ್ಯಾಲೆ ಅಂದ್ರು. ನೆನ್ನೆ ಮಂಡಿ ಕೆಳೀಕೆ ಅಂದ್ರು. ಇವತ್ತು ಮಂಡಿ ಮ್ಯಾಲೆ ಅಂತವ್ರೆ. ನಾಳೀಕೂ ಒಪ್ಪನಿಲ್ಲ ಅಂದ್ರೆ ಜೀವುಕ್ಕೇ ಅಂದ್ಬುಟ್ರು ಕಣವ್ವ. ಮೈ ಕೆಂಡ ಸುಟ್ಟಂಗ್ ಸುಡ್ತದೆ. ಏನ್ ಯೋಳ್ಲಿ?"

"ತೆಗೀಲಿ ಅನ್ನಿ."

"ನಾನು ಯೋಳುದ್ರೆ ನಂಬಲ್ಲ ಅವ್ನು. ನೀನೇ ಕಟ್ಕಂಡು ಯೋಳ್ತಿದ್ದೀಯ ಅಂತನೆ. ಏನಾರ ಗುರ್ತು ಕೊಡು. ನಿಮ್ಮಿಬ್ರುಗೇ ಗೊತ್ತಿರದು."

ನಮ್ಮ ಕಡೆ ದೂರಕ್ಕೆ ಮಾತು ಕಳಿಸುವವರು ಹೀಗೆ ಗುರುತು ಕೊಡುತ್ತಾರೆ, ಮಾತು ಅವರದೇ ಎಂದು ನಂಬಲು. ಆದರೆ ಯೋಚಿಸಲು ಹೊತ್ತಿರಲಿಲ್ಲ. "ಕಂಬದ ಮೇಲೆ ಕೂತು ಟೆಸ್ಟ್ ಫೋನ್ ಸಿಕ್ಕಿಸ್ಕೊಂಡು, 'ಲೈನ್ ಟೆಸ್ಟಿಂಗ್' ಅಂತ ಗಟ್ಟಿಯಾಗಿ ಹೇಳಿ, ಆಮೇಲೆ ಮೆಲ್ಲಗೆ, ಇವತ್ತು ಊಟಕ್ಕೆ ಉಪ್ಸಾರಾ ಮಸ್ಸೊಪ್ಪಾ ಅಂತ ಕೇಳ್ತಿದ್ರು ಅನ್ನಿ. ಹಾಗೆ ಕೇಳೋದಕ್ಕೆ ಕಂಬ ಬೇಕಿಲ್ಲ, ಮನೆಯಲ್ಲೇ ಕೂತು ಕೇಳಿ ಅಂದ್ಳು ರತ್ನ, ಅನ್ನಿ."

"ಉಪ್ಸಾರಾ ಮಸ್ಸೊಪ್ಪಾ" ಎಂದು ಭಾವ ಮಂತ್ರದಂತೆ ಹೇಳಿಕೊಂಡರು. "ಮರಿಯಕ್ಕಿಲ್ಲ. ಓಡ್ತೀನಿ." ರಿಸೀವರ್ ಇಡದೆಯೇ ಓಡಿದರೆಂದು ತೋರುತ್ತದೆ. ಬಹಳ ಹೊತ್ತು ಕೌಂಟರಿನ ಗಲಾಟೆ ಕೇಳುತ್ತಿತ್ತು.

ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಮೈಸೂರಿನವನು ತಡೆದಿರಲಿಲ್ಲ.

"ನೀವು ಒಂದು ಸಲ ಹೆಸರು ಹೇಳಿದ್ದಿದ್ರೆ..." ಎಂದ.

"ನಿಯಮ" ಎಂದೆ.

ಅವನು, "ನನ್ನ ಹೆಸರು ರಂಗನಾಯಕ" ಎಂದ. "ಮುಂದಿನದು ನಿಮ್ಮದು, ಹೇಳಿ."

ಅವನದೇ ಇನ್ನೊಂದು ಹಾಕಲು ಹೇಳಿದೆ. ಭಾವನ ಟಿಕೆಟ್ಟು ಮೊದಲು ಬರೆದದ್ದು ಶುಕ್ರವಾರ ಹತ್ತು ಗಂಟೆಗೆ, ದಿನವೂ ರದ್ದಾಗಿ ದಿನವೂ ಮತ್ತೆ ಬರೆಸಿದ್ದಾರೆ ಎಂದು ಅವನು ತಿಳಿಸಿದ. ಶುಕ್ರವಾರ ಮೂರು ಗಂಟೆಗೆ ನಾನು ಅವನ ಸರದಿಯನ್ನು ತೆಗೆದುಕೊಂಡೆ. ಎರಡನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಹೊರಗೆ ಬೆಂಚು ಖಾಲಿ ಇತ್ತು. ಚಿಕ್ಕನಿಂಗಮ್ಮ ನಿನ್ನೆ ಸಂಜೆಯ ಹನೂರು ಬಸ್ಸಿಗೆ ಹೋದಳಂತೆ.

ಜುಲೈ ೧೭, ಬುಧವಾರ

ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಹನ್ನೆರಡೂವರೆಗೆ ಹೊರಗೆ ತಂದರು. ಜೀವ ಇದೆ. ಮೂರೂ ಸುದ್ದಿ ರಂಗನಾಯಕ ಕೊಟ್ಟದ್ದು. ಅವನು ಊರೊಳಗಿನ ಲೈನಿನಲ್ಲಿ ಕಾಫಿಪುಡಿ ಅಂಗಡಿಗೆ ಮಾಡಿ ಕೇಳಿ, ಎರಡು ಕರೆಗಳ ನಡುವೆ ನನಗೆ ಹೇಳುತ್ತಿದ್ದ. ಆ ತೆರಪು ಅಷ್ಟು ಮಾತಿಗೆ ಸಾಕಾಗುತ್ತದೆ.

ಕೆಲಸ ತಪ್ಪಿಲ್ಲದೆ ಮಾಡಿದೆ. ಏನು ಮಾಡಿದೆ ಎಂಬುದು ನೆನಪಿಲ್ಲ.

ಜುಲೈ ೧೮, ಗುರುವಾರ

ಜ್ವರ ಇಳಿದಿಲ್ಲ. ಇವರು ಮಾತಾಡುತ್ತಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ ಎಂದು ಭಾವ ಹೇಳಿದರು. ಇಂದು ಭಾವ ಅಂಗಡಿಯಲ್ಲೇ ಕೂತಿದ್ದರು.

"ಗುರ್ತು ಯೋಳ್ದೇಟ್ಗೆ ಸಯಿನ್ ಆಕ್ದ. ಆಮೇಕಿಂದ ಒಂದೇ ಕೇಳ್ದ, ಇಷ್ಟು ದಿನ ಯಾಕೆ ಯೋಳ್ನಿಲ್ಲ ಅವ್ಳು ಅಂತ."

"ನೀವು ಏನಂದ್ರಿ?"

"ಲೈನ್ ಸಿಕ್ನಿಲ್ಲ ಅಂದೆ."

ಪುಟ್ಟಮಲ್ಲಪ್ಪನವರ ಕರೆಗಳು ಈಗ ಎಲ್ಲರೊಡನೆ ಸಾಲಿನಲ್ಲಿವೆ. "ಕೆಲ್ಸ ಆದ್ಮೇಲೆ ಪುಟ್ಟಮಲ್ಲಪ್ಪ ಯಾರೋ, ಅಲ್ವಾ ತಾಯಿ?" ಎಂದರು. ಒಂದು ಗೋದಾಮಿನ ಗೂಡು ಪೂರ್ತಿ ತೂತಾಗಿದೆಯಂತೆ. ಹೌದು ಎಂದೆ. ಸೂಪರ್‌ವೈಸರಿಗೆ ದೂರು ಕೊಟ್ಟು ಹೋದರು. ಮಧ್ಯಾಹ್ನ ಗುರುಮಲ್ಲಪ್ಪನವರು ಲಿಖಿತ ವಿವರಣೆ ಕೇಳಿದರು. ಕೊಟ್ಟಿದ್ದೇನೆ. ಇಪ್ಪತ್ತೊಂದರ ಹೆಸರಿನಲ್ಲಿ ಮಾತಾಡಿದವಳು ನಾನು ಎಂದು ಮೊದಲ ಸಾಲಿನಲ್ಲೇ ಇದೆ. ಅವರು ಓದಿ, "ಇಷ್ಟು ಸ್ಪಷ್ಟವಾಗಿ ಬರೆಯಬೇಕಿತ್ತೇನಮ್ಮ?" ಎಂದರು.

ಲೈನು ಸ್ವಲ್ಪ ಬಿಡುವಾದಾಗ ಚಿಕ್ಕನಿಂಗಮ್ಮನ ಮಗಳಿರುವ ಮನೆಗೆ ಮಾಡಿಸಿದೆ. ಹೆಣ್ಣು ಮಗು. ತಾಯಿ ಎದ್ದು ಓಡಾಡುತ್ತಿದ್ದಾಳೆ. ಹನೂರು ಪೋಸ್ಟಾಫೀಸಿಗೆ ಹೇಳಿದೆ. ಬಂಡಳ್ಳಿಗೆ ಹೋಗುವ ಪೋಸ್ಟ್‌ಮ್ಯಾನ್ ನಂಜಯ್ಯ ಮನೆಗೇ ಹೋಗಿ ಹೇಳುತ್ತೇನೆ ಎಂದ. ಲೈನು ಕೆಟ್ಟಿರಲಿಲ್ಲ, ನಾನು ಎಳೆದದ್ದು, ಅದನ್ನೂ ಹೇಳು ಎಂದೆ. "ಅದ್ಯಾಕ್ರಮ್ಮ? ಮೊಮ್ಮಗು ಸುದ್ದಿ ಸಾಕು" ಎಂದ. ಅದನ್ನೂ ಹೇಳು ಎಂದು ಮತ್ತೆ ಹೇಳಿದೆ. ಈ ಕರೆಗೆ ಟಿಕೆಟ್ ಬರೆಯಲಿಲ್ಲ.

ಜುಲೈ ೨೦, ಶನಿವಾರ

ನರಸೀಪುರದಲ್ಲಿ ನೀರು ರಸ್ತೆಯಿಂದ ಇಳಿದಿದೆ. ನಾಳೆ ಬೆಳಿಗ್ಗೆ ಆರಕ್ಕೆ ಮೈಸೂರಿನ ಮೊದಲ ಬಸ್ಸು ಎಂದು ನಿಲ್ದಾಣದವರು ಸಂಜೆ ಹೇಳಿಕಳಿಸಿದರು. ಸಂಜೆ ಪಾಳಿಯವನು ನಡೆದುಕೊಂಡೇ ಬಂದು ಸೇರಿದ್ದಾನೆ. ನನಗೆ ನಾಲ್ಕು ದಿನ ರಜೆ ಸಿಕ್ಕಿದೆ, ವಿವರಣೆಯ ಮೇಲಿನ ತೀರ್ಮಾನ ಆಮೇಲೆ.

ಜ್ವರ ನಿನ್ನೆಯಿಂದ ಕಡಿಮೆ. ಇವರು ಗಂಜಿ ಕುಡಿದರಂತೆ. ಇಷ್ಟು ದಿನ ಯಾಕೆ ಎಂದು ಮತ್ತೆ ಕೇಳಿಲ್ಲವಂತೆ. ಕೇಳದಿದ್ದರೂ ನಾನು ಹೇಳಬೇಕು. ಯಾವುದು ಮೊದಲು ಎಂದು ಯೋಚಿಸಿದ್ದೇನೆ. ನಡೆದದ್ದೇ ಮೊದಲು.

ಬಿದ್ದ ಲೈನನ್ನು ಎತ್ತಲು ಹೊಸ ಲೈನ್‌ಮನ್ ನೇಮಕವಾಗಿದ್ದಾನೆ, ಸಾಮಾನು ಸಾಲದು, ಇವರ ಬಳಿ ಇದ್ದದ್ದು ಬೇಕು ಎಂದು ಗುರುಮಲ್ಲಪ್ಪನವರು ನೆಲ ನೋಡುತ್ತಾ ಹೇಳಿದರು. ಮನೆಗೆ ಬಂದು ಮೊಳೆಯಿಂದ ಇಳಿಸಿದೆ. ಕಂಬ ಹತ್ತುವ ಸೊಂಟದ ಬೆಲ್ಟು. ಇವರ ಅಳತೆಗೆ ಹಾಕಿದ ತೂತು ಹಿಗ್ಗಿದೆ. ಚರ್ಮಕ್ಕೆ ಎಣ್ಣೆ ಸವರಿ ಒರೆಸಿಟ್ಟಿದ್ದೇನೆ.

ನಾಳೆ ಐದೂವರೆಗೆ ಬೆಲ್ಟನ್ನು ಎಕ್ಸ್‌ಚೇಂಜಿನಲ್ಲಿ ಒಪ್ಪಿಸಿ, ಆರರ ಬಸ್ಸಿಗೆ ಹೋಗುತ್ತೇನೆ.